ಒಂದೆಲಗದ ತುಪ್ಪ

ಕೊಡಿಗೇನಹಳ್ಳಿ
12 ಜನವರಿ 1919

ಅಣ್ಣಯ್ಯನಿಗೆ ಶರಣು.

ಯುದ್ಧದ ಜ್ವರ ನಮ್ಮ ಊರು ಬಿಟ್ಟಿದೆ. ಉಳಿದವರು ಉಳಿದಿದ್ದೇವೆ.

ದೀಪಾವಳಿಯ ಹೊತ್ತಿಗೆ ನೀನು ಬಂದು ಹೋದಾಗ ನಿನ್ನ ಭಾವ ಕಣ್ಣು ಬಿಟ್ಟಿರಲಿಲ್ಲ. ಗೌರಿಯನ್ನು ಮಣ್ಣು ಮಾಡಿದ ದಿನ ಹೊಲದ ತಲೆಯಲ್ಲಿ, ಬನ್ನಿಮರದ ಕೆಳಗೆ, ಗುದ್ದಲಿ ಹಿಡಿದವನು ನೀನೇ. ಮನೆಯೊಳಗೆ ಅವಳ ಅಪ್ಪ ಜ್ವರದ ಭ್ರಮೆಯಲ್ಲಿ ಎತ್ತುಗಳನ್ನು ಬೈಯುತ್ತ ಮಲಗಿದ್ದರು. ಆಮೇಲೆ ಎದ್ದರು. ಎದ್ದ ಮೇಲಿನ ಸಂಗತಿಯನ್ನು ನಿನಗೆ ಬರೆಯದೆ ಇದ್ದೆ. ತಾನಾಗಿ ಸರಿಹೋಗುತ್ತದೆ ಎಂದು ಕಾದೆ. ಸರಿಹೋಗಿಲ್ಲ.

ಹಿಂದಿನ ಐದು ವರ್ಷ ಅವರ ತಲೆಯಲ್ಲಿ ಇಲ್ಲ. ತಾಯಿ ಗೊತ್ತು, ಹೊಲ ಗೊತ್ತು, ಹಿಂದೂಪುರದ ದಾರಿ ಗೊತ್ತು. ನಾನು ಗೊತ್ತಿಲ್ಲ. ಎದ್ದು ಕೂತ ಮೊದಲ ದಿನ ಗಂಜಿ ಕೊಟ್ಟೆ. ಪೂರ್ತಿ ಕುಡಿದು, ಅತ್ತೆಯ ಕಡೆ ತಿರುಗಿ, "ಯಾರ ಕಡೆಯೋಳಮ್ಮ ಈಕೆ? ನಮ್ಮನೇಲಿ ಯಾಕವ್ಳೆ?" ಎಂದರು. "ನಿನ್ನ ಹೆಂಡ್ತಿ ಕಣ್ಲಾ" ಎಂದರು ಅತ್ತೆ. ಇವರು ತಟ್ಟನೆ ಪಂಚೆ ಸರಿಮಾಡಿಕೊಂಡರು, ಪರಸ್ಥಳದ ಹೆಂಗಸಿನ ಮುಂದೆ ಸರಿಮಾಡಿಕೊಳ್ಳುವ ಹಾಗೆ.

ಹೇಳಿದ್ದನ್ನು ನಂಬುವ ಮನುಷ್ಯ. ಅಂದಿನಿಂದ ನಾನು ಹೆಂಡತಿ ಎಂದು ಒಪ್ಪಿದ್ದಾರೆ. ಆದರೆ ಗೌರಿಯ ಮಾತನ್ನು ಯಾರೂ ಎತ್ತುವಂತಿಲ್ಲ. ಅದು ಅತ್ತೆಯ ಅಪ್ಪಣೆ. ಕೇರಿಯವರೆಲ್ಲರಿಂದ ಆಣೆ ಮಾಡಿಸಿದ್ದಾರೆ. ತೊಟ್ಟಿಲು ಅಟ್ಟ ಸೇರಿದೆ. "ಗೊತ್ತಿಲ್ದೋನಿಗೆ ದುಃಖ ಯಾಕಮ್ಮ ಕಲಿಸ್ಬೇಕು? ಈ ಮನೇಲಿ ಒಬ್ನಾದ್ರೂ ಅಳ್ದಂಗಿರ್ಲಿ" ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬರುತ್ತದೆ.

ನಾನು ಕೇಳುವುದು ಒಂದೇ ಅಣ್ಣಯ್ಯ. ನಾನು ಅವರಿಗೆ ನೆನಪಾಗದಿದ್ದರೆ ಬೇಡ. ಮಗು ನೆನಪಾಗಬೇಕು. ಎರಡೂವರೆ ವರ್ಷ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದವರು ಈಗ ಬನ್ನಿಮರದ ಕೆಳಗೆ ಕೂತು ಎಲೆಯಡಿಕೆ ಹಾಕುತ್ತಾರೆ. ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗದು. ಅಪ್ಪಯ್ಯ ಕಾಸುತ್ತಿದ್ದ ಒಂದೆಲಗದ ತುಪ್ಪವನ್ನು ಕಾಸಿ ಕಳಿಸು. ಮದ್ದಿನ ಭರಣಿಗಳ ಮೇಲೆ ಹೆಸರು ಬರೆಯಲೆಂದು ಅಪ್ಪಯ್ಯ ನನಗೆ ಅಕ್ಷರ ಕಲಿಸಿದ್ದು. ಆ ಅಕ್ಷರದಲ್ಲೇ ಕೇಳುತ್ತಿದ್ದೇನೆ.

ನಿನ್ನ ತಂಗಿ
ಸಿದ್ಧಗಂಗಮ್ಮ


ಕೊರಟಗೆರೆ
30 ಜನವರಿ 1919

ಗಂಗೆಗೆ ಅಣ್ಣನ ಆಶೀರ್ವಾದ.

ಮಧುಗಿರಿ ಸಂತೆಗೆ ಹೋಗುವ ಚನ್ನಮಲ್ಲಯ್ಯನ ಗಾಡಿಯಲ್ಲಿ ಒಂದು ಭರಣಿ ಕಳಿಸಿದ್ದೇನೆ. ಸಿದ್ಧರಬೆಟ್ಟದ ನೀರಿನ ಊಟೆಯ ಬದಿಯಲ್ಲಿ ಬೆಳೆದ ಒಂದೆಲಗ, ಕಲ್ಲಿನಲ್ಲೇ ಅರೆದು ರಸ ತೆಗೆದದ್ದು. ಜೊತೆಗೆ ಬಜೆ, ವಿಷ್ಣುಕ್ರಾಂತಿ, ಹಳೆಯ ತುಪ್ಪ. ಅಪ್ಪಯ್ಯನಂತೆಯೇ, ತಳದಲ್ಲಿ ಉಳಿದ ಚರಟವನ್ನು ಬೆರಳಲ್ಲಿ ಹೊಸೆದರೆ ಬತ್ತಿಯಾಗುವವರೆಗೆ ಕಾಸಿದ್ದೇನೆ. ಬೆಳಗ್ಗೆ ಬರಿಹೊಟ್ಟೆಗೆ ನೆಲ್ಲಿಕಾಯಿಯಷ್ಟು, ಬಿಸಿ ಹಾಲಿನ ಜೊತೆ. ಹುಣಸೆಹಣ್ಣು ಬೇಡ, ಹುರುಳಿ ಬೇಡ, ಹಗಲು ನಿದ್ದೆ ಬೇಡ.

ಇನ್ನು ಮುಖ್ಯವಾದ ಮಾತು. ಹಿಡಿದಿಡುವ ಶಕ್ತಿ ಬೇರೆ, ಹಿಡಿದಿಟ್ಟದ್ದನ್ನು ತೆಗೆದುಕೊಡುವ ಶಕ್ತಿ ಬೇರೆ ಎಂದು ಅಪ್ಪಯ್ಯ ಹೇಳುತ್ತಿದ್ದುದು ನಿನಗೂ ಗೊತ್ತಿದೆ. ಜ್ವರ ಒಳಗಿನ ಸಾಮಾನನ್ನೇ ಸುಟ್ಟಿದ್ದರೆ ಯಾವ ಸೊಪ್ಪೂ ಏನೂ ಮಾಡಲಾರದು. ಸಾಮಾನು ಒಳಗೇ ಇದ್ದು ಬಾಗಿಲು ಮಾತ್ರ ಬಿಗಿದುಕೊಂಡಿದ್ದರೆ ತೆರೆಯಬಹುದು. ಎರಡರಲ್ಲಿ ಯಾವುದು ಎಂದು ತಿಳಿಯಲು ದಾರಿ ಒಂದೇ: ಯಾರೂ ಹೇಳಿಕೊಡದ ವಿಷಯ ಭಾವನವರ ಬಾಯಿಂದ ತಾನಾಗಿ ಬರಬೇಕು. ಹೇಳಿಕೊಟ್ಟರೆ ಅದು ಪಾಠವಾಗುತ್ತದೆ, ನೆನಪಾಗುವುದಿಲ್ಲ.

ಆದ್ದರಿಂದ ನಿನ್ನ ಅತ್ತೆ ತಮ್ಮ ಕಾರಣಕ್ಕೆ ಹಾಕಿಸಿದ ಆಣೆ ನನ್ನ ಕಾರಣಕ್ಕೂ ಬೇಕಾಗಿದೆ. ಮಗುವಿನ ಸುದ್ದಿಯನ್ನು ನೀನೂ ಎತ್ತಬೇಡ. ಮೊದಲು ಸಣ್ಣ ವಿಷಯಗಳಲ್ಲಿ ನೋಡು. ನಿನ್ನ ಹೆಸರೇನೆಂದು ಕೇಳಬಹುದು.

ಮಧುಗಿರಿಯಲ್ಲಿ ನನಗೆ ಪರಿಚಯದ ಡಾಕ್ಟರೊಬ್ಬರಿದ್ದಾರೆ. ಈ ವಿಷಯ ಹೇಳಿದೆ. "ಪಂಡಿತರೇ, ಸೊಪ್ಪು ತಿಂದ್ರೆ ಜ್ಞಾಪಕ ಬರೋ ಹಾಗಿದ್ರೆ ತಾಲ್ಲೂಕು ಕಚೇರೀನ ಮೇಕೆಗಳೇ ನಡೆಸ್ತಿದ್ವು" ಎಂದರು. ಅಲ್ಲಿದ್ದ ಕಾಂಪೌಂಡರನೂ ನಕ್ಕ. ಅವರಿಬ್ಬರ ಮುಂದೆ ಇಡಲು ನನಗೆ ಒಂದಾದರೂ ಶುದ್ಧವಾದ ಸಾಕ್ಷಿ ಬೇಕು.

ಆಗಾಗ ಬರೆ.

ರೇಣುಕಯ್ಯ


ಕೊಡಿಗೇನಹಳ್ಳಿ
9 ಮಾರ್ಚ್ 1919

ಅಣ್ಣಯ್ಯ,

ಭರಣಿ ಅರ್ಧವಾಗಿದೆ. "ಇದನ್ನ ತಿಂದ್ರೆ ಮರ್ತಿದ್ದು ಬತ್ತದೋ ಇಲ್ವೋ, ತಿಂದಿದ್ದಂತೂ ಮರಿಯಾಕಿಲ್ಲ" ಎಂದು ನಿನ್ನ ಭಾವ ಮೂಗು ಹಿಡಿದು ನುಂಗುತ್ತಾರೆ. ಪಥ್ಯಕ್ಕೆ ಅತ್ತೆ ದಿನಾ ಗೊಣಗುತ್ತಾರೆ. "ಹುಣಿಸೆಹಣ್ಣು ಬ್ಯಾಡ, ಹುಳ್ಳಿ ಬ್ಯಾಡ. ಈ ಸೀಮೇಲಿ ಇನ್ನೇನು ತಿನ್ಲಿ ನನ್ ಮಗ, ಮಧುಗಿರಿ ಬೆಟ್ಟಾನ ಕಡ್ಕೊಂಡ್ ತಿನ್ಲಾ?"

ನನ್ನ ಹೆಸರು ಕೇಳು ಎಂದು ಬರೆದಿದ್ದೆಯಲ್ಲ. ಯಾವ ಗಂಡ ಹೆಂಡತಿಯ ಹೆಸರು ಹಿಡಿದು ಕರೆದಿದ್ದಾನೆ ಅಣ್ಣಯ್ಯ? ಜ್ವರಕ್ಕೆ ಮುಂಚೆ ನನ್ನನ್ನು "ಇವ್ಳೇ" ಎನ್ನುತ್ತಿದ್ದರು. ಈಗಲೂ "ಇವ್ಳೇ" ಎನ್ನುತ್ತಾರೆ. ಹಳೆಯದು ನೆನಪಾಗಿ ಕರೆಯುತ್ತಾರೋ, ಎಲ್ಲ ಗಂಡಂದಿರೂ ಕರೆಯುವಂತೆ ಕರೆಯುತ್ತಾರೋ, ನಾನು ಹೇಗೆ ಹೇಳಲಿ? ನೀನು ನಿನ್ನ ಹೆಂಡತಿಯ ಹೆಸರು ಕೊನೆಯ ಸಲ ಯಾವಾಗ ಹೇಳಿದೆ, ಯೋಚಿಸಿ ನೋಡು.

ಹೇಳಿಕೊಡಬೇಡಿ ಎಂದರೆ ಈ ಊರಿನಲ್ಲಿ ಕೇಳುವವರು ಯಾರು? ಪಕ್ಕದ ಮನೆಯ ಅಂಜನಪ್ಪ ಜಗಲಿಗೆ ಬಂದು ಕೂತು, ಗೌರಿಯ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿಕೊಡುತ್ತಾನೆ. ಮೊನ್ನೆ ನಮ್ಮ ಮದುವೆಯ ಕಥೆ. "ಪಾಯಸಕ್ಕೆ ಬೆಲ್ಲ ಸಾಲ್ದೆ ನಿಮ್ಮಪ್ಪ ಎಗರಾಡಿದ್ದೇನ್ಲಾ ಅವತ್ತು." ಎರಡು ದಿನ ಕಳೆದು ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಖದಲ್ಲಿ ಏನೋ ಗೆದ್ದುಬಂದವರ ಸಂತೋಷ. "ನಮ್ ಮದ್ವೇಲಿ ಪಾಯಸಕ್ಕೆ ಬೆಲ್ಲ ಕಮ್ಮಿಯಾಗಿತ್ತಲ್ವಾ?" ಎಂದರು. ನಾನು ಹೂಂ ಎಂದೆ.

ನಿನಗೆ ಬೇಕಾದದ್ದೂ ಒಂದು ಆಗಿದೆ. ನಮ್ಮ ಮದುವೆಯ ವಾರವೇ ಹಿಂದೂಪುರದಿಂದ ಒಂದು ಬಿಳಿ ಎತ್ತು ತಂದಿದ್ದರು. ಹೋದ ವರ್ಷ ಮಾರಿದರು. ಅದರ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಹೋದ ಸೋಮವಾರ ಕೊಟ್ಟಿಗೆಯಲ್ಲಿ ನಿಂತು, ತಾವಾಗಿಯೇ, "ಆ ಬಿಳಿಯ ಎಲ್ಲೋದ? ಹಣೆ ಮ್ಯಾಲೆ ಬಲಕ್ಕೆ ಒಂದು ಸುಳಿ, ಅದ್ರ ಕೆಳ್ಗೆ ಇನ್ನೊಂದು ಪುಟ್ಟ ಸುಳಿ ಇತ್ತಲ್ಲ" ಎಂದರು. ಸುಳಿ ಇದ್ದದ್ದು ಹಾಗೆಯೇ. ನೀನು ಸಂತೋಷಪಡಬಹುದು. ಒಂದೇ ವಾರದಲ್ಲಿ ಆ ಎತ್ತು ಕೊಟ್ಟಿಗೆಗೆ ಬಂತು, ನಾನು ಮನೆಯೊಳಗೆ ಬಂದೆ. ಎತ್ತು ನೆನಪಾಗಿದೆ.

ಇನ್ನೊಂದು. ಮರದ ಕೆಳಗಿನ ಗುಡ್ಡೆಯನ್ನು ನೋಡಿ, "ಅದೇನಮ್ಮ ಅಲ್ಲಿ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ತಡವರಿಸಲಿಲ್ಲ. "ಕರು ಹೂತಿದ್ದು ನಾಯ್ನಾ." "ಯಾವ ಹಸೀಂದು?" "ಕೆಂದ ಹಸೀಂದು." ಇವರು ಚ್ಚು ಎಂದರು. ಕರುವಿಗಾಗಿ. ನಾನು ಸಗಣಿ ತಟ್ಟುತ್ತಿದ್ದೆ, ತಟ್ಟುತ್ತಲೇ ಇದ್ದೆ.

ಸಿದ್ಧಗಂಗಮ್ಮ


ಕೊರಟಗೆರೆ
25 ಮಾರ್ಚ್ 1919

ಗಂಗೆಗೆ,

ನಿನ್ನ ಕಾಗದ ಓದಿ ಬಹಳ ದಿನಗಳ ಮೇಲೆ ಮನಸ್ಸು ಹಗುರವಾಯಿತು. ಎತ್ತಿನ ಸುಳಿ ಸಾಮಾನ್ಯ ವಿಷಯವಲ್ಲ. ಕಳೆದ ಐದು ವರ್ಷಗಳ ಒಳಗಿನದು, ಯಾರೂ ಹೇಳಿಕೊಟ್ಟದ್ದಲ್ಲ. ಹಾಗಾದರೆ ಸಾಮಾನು ಸುಟ್ಟಿಲ್ಲ, ಒಳಗೆ ಇದೆ. ಬಾಗಿಲು ಇಷ್ಟಿಷ್ಟೇ ತೆರೆಯುತ್ತಿದೆ. ಏನು ಮೊದಲು ಹೊರಗೆ ಬರಬೇಕೆಂದು ಸೊಪ್ಪಿಗೆ ನಾವು ಹೇಳಲಾಗುವುದಿಲ್ಲ, ಅದಕ್ಕೆ ನೀನು ಬೇಸರಪಡಬಾರದು.

ಕರುವಿನ ಸುಳ್ಳು ಒಳ್ಳೆಯದೇ ಆಯಿತು. ಪರೀಕ್ಷೆ ಶುದ್ಧವಾಗಿ ಉಳಿಯಿತು. ಅಂಜನಪ್ಪನಂಥವರು ಬೇರೆಲ್ಲವನ್ನೂ ಕೆಡಿಸಿದ ಮೇಲೆ, ಯಾರೂ ಹೇಳಿಕೊಡದೆ ಉಳಿದಿರುವ ದೊಡ್ಡ ವಿಷಯ ಅದೊಂದೇ.

ಡಾಕ್ಟರಿಗೆ ಎತ್ತಿನ ಸಂಗತಿ ಹೇಳಿದೆ. "ಎತ್ತನ್ನು ಯಾವ ರೈತ ಮರೀತಾನೆ? ಅದಕ್ಕೆ ತುಪ್ಪ ಬೇರೆ ಬೇಕೆ?" ಎಂದರು. ಎರಡು ಸುಳಿಯ ವಿವರ ಹೇಳಿದರೆ ಕೇಳುವ ತಾಳ್ಮೆ ಅವರಿಗಿರಲಿಲ್ಲ.

ಬೆಟ್ಟದ ಊಟೆ ಬತ್ತುತ್ತಿದೆ. ಸೊಪ್ಪು ಸಿಗುತ್ತಿಲ್ಲ. ನಿಮ್ಮ ಕಡೆ ಜಯಮಂಗಲಿ ಹೊಳೆಯ ಮರಳಿನಲ್ಲಿ ತೋಡಿದ ತಲಪರಿಗೆ ಇದೆಯಲ್ಲ, ಅದರ ನೀರಿನ ಅಂಚಿನಲ್ಲಿ ಒಂದೆಲಗ ಬೇಸಗೆಯಲ್ಲೂ ಇರುತ್ತದೆ. ಬೇರು ಸಮೇತ ಕಿತ್ತು, ನೆರಳಲ್ಲಿ ಒಣಗಿಸಿ ಕಳಿಸು. ಬಿಸಿಲಿಗೆ ಹಾಕಿದರೆ ಹುಲ್ಲಿಗೂ ಅದಕ್ಕೂ ವ್ಯತ್ಯಾಸವಿರುವುದಿಲ್ಲ.

ರೇಣುಕಯ್ಯ


ಕೊಡಿಗೇನಹಳ್ಳಿ
4 ಏಪ್ರಿಲ್ 1919

ಅಣ್ಣಯ್ಯ,

ಸೊಪ್ಪು ಕಳಿಸಿದ್ದೇನೆ. ನೆರಳಲ್ಲೇ ಒಣಗಿದ್ದು.

ಹೋದ ವರ್ಷ ಆ ತಲಪರಿಗೆಗೆ ನೀರಿಗೆ ಹೋದಾಗ ಗೌರಿ ಈ ಎಲೆಯನ್ನೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮುಖ ಹಿಂಡಿ ಉಗುಳುತ್ತಿದ್ದಳು. ಮತ್ತೊಂದು ಕೀಳುತ್ತಿದ್ದಳು. ಕಹಿ ಎಂಬುದು ಅವಳಿಗೆ ಪ್ರತಿಸಲವೂ ಮರೆತುಹೋಗುತ್ತಿತ್ತು. ನಿನ್ನ ಭಾವ ಕೊಡ ಕೆಳಗಿಟ್ಟು ನಗುತ್ತಿದ್ದರು. ನಿನ್ನೆ ಅದೇ ಅಂಚಿನಲ್ಲಿ ನನ್ನ ಜೊತೆ ಕೂತು ಬುಟ್ಟಿ ತುಂಬಿಸಿದರು. ಒಂದು ಎಲೆಯನ್ನು ಅಗಿದು, ಉಗುಳಿ, "ಇದೇ ಅಲ್ವಾ ನಿಮ್ಮಣ್ಣ ಕಾಸೋದು" ಎಂದರು. ಅಷ್ಟೇ.

ಒಳ್ಳೆಯದೇ ಆಯಿತು ಎಂಬ ಮಾತನ್ನು ಈ ವಿಷಯದಲ್ಲಿ ಇನ್ನೊಮ್ಮೆ ಬರೆಯಬೇಡ.

ಸಿದ್ಧಗಂಗಮ್ಮ


ಕೊಡಿಗೇನಹಳ್ಳಿ
20 ಏಪ್ರಿಲ್ 1919

ಭಾವನವರಾದ ಪಂಡಿತ ರೇಣುಕಯ್ಯನವರಲ್ಲಿ ವಿಜ್ಞಾಪನೆ.

ನಾನು ಕಾಗದ ಬರೆಯುವುದು ಅಪರೂಪ. ಮನೆಯಲ್ಲಿ ತಿಳಿಯದಂತೆ ಬರೆದು ಟಪಾಲಿಗೆ ಹಾಕಿದ್ದೇನೆ.

ನಿಮ್ಮ ತುಪ್ಪ ತಿನ್ನುತ್ತಿದ್ದೇನೆ. ತಲೆನೋವು ಹೋಗಿದೆ. ಹೊಲದ ಕೆಲಸ ಮೊದಲಿನಂತೆ ಆಗುತ್ತಿದೆ. ಕೆಲವು ಸಂಗತಿಗಳು ಬರುತ್ತವೆ. ಬಂದದ್ದು ನನ್ನದೋ, ಅಂಜನಪ್ಪ ಹೇಳಿದ್ದೋ ಎಂದು ನನಗೇ ಗೊತ್ತಾಗುವುದಿಲ್ಲ. ಬೇರೆಯವರ ಅಂಗಿ ಹಾಕಿಕೊಂಡ ಹಾಗಿರುತ್ತದೆ.

ನಾನು ಬರೆಯಲು ಕಾರಣ ಬೇರೆ. ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಎಲ್ಲರೂ ಮೊದಲು ನನ್ನ ಮುಖ ನೋಡಿ, ಆಮೇಲೆ ಮಾತಾಡುತ್ತಾರೆ. ನನ್ನ ಹೆಂಡತಿ ಏನೋ ಕಾಯುತ್ತಿದ್ದಾಳೆ. ಮೊನ್ನೆ ಸೊಪ್ಪು ಕೀಳುವಾಗ ನನ್ನನ್ನೇ ನೋಡುತ್ತ ಕೂತಿದ್ದಳು. ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ ಎಂದು ಅವಳ ಮುಖದಿಂದ ತಿಳಿಯಿತು. ಏನು ಹೇಳಬೇಕಿತ್ತೆಂದು ತಿಳಿಯಲಿಲ್ಲ. ಬರುವಾಗ ಬುಟ್ಟಿಯನ್ನು ನನ್ನ ಕೈಗೆ ಕೊಡದೆ ತಾನೇ ಹೊತ್ತಳು.

ಅಮ್ಮನನ್ನು ಕೇಳಿದರೆ, "ಏಮೀ ಇಲ್ಲ ನಾಯ್ನಾ, ಉಣ್ಣು" ಎನ್ನುತ್ತಾಳೆ. ಆಕೆ ಪಾವಗಡದ ಕಡೆಯವಳು, ಸುಳ್ಳು ಹೇಳುವಾಗ ಮಾತ್ರ ತೆಲುಗು ಬರುತ್ತದೆ.

ನಾನೇನು ತಪ್ಪು ಮಾಡಿದ್ದೇನೆ? ಜ್ವರಕ್ಕೆ ಮುಂಚೆ ಯಾರನ್ನಾದರೂ ಹೊಡೆದೆನೇ, ಹೆಂಡತಿಗೆ ಏನಾದರೂ ಅನ್ಯಾಯ ಮಾಡಿದೆನೇ? ನೀವು ಓದಿದವರು, ದೂರದಲ್ಲಿರುವವರು. ನೀವು ಹೇಳಿದರೆ ನಂಬುತ್ತೇನೆ. ಒಂದು ಸಾಲು ಬರೆದರೆ ಸಾಕು.

ನಾಗಲಿಂಗಯ್ಯ


ಶಿರಾ
14 ಮೇ 1919

ಗಂಗೆಗೆ,

ಒಬ್ಬರನ್ನು ನೋಡಲೆಂದು ಶಿರಾಕ್ಕೆ ಬಂದಿದ್ದೆ. ಇಲ್ಲಿಂದಲೇ ಬರೆಯುತ್ತಿದ್ದೇನೆ. ಊರಿಗೆ ಹೋದ ಮೇಲೆ ಬರೆಯುವ ಧೈರ್ಯ ಇರುವುದಿಲ್ಲ.

ಪರ್ವತಯ್ಯ ಎಂಬ ಎಣ್ಣೆ ವ್ಯಾಪಾರಿ. ಅದೇ ಜ್ವರ, ಅದೇ ತಿಂಗಳು. ಎದ್ದಾಗ ಅವನಿಗೂ ಹಿಂದಿನ ಮೂರು ವರ್ಷ ಇರಲಿಲ್ಲವಂತೆ. ಮದ್ದು ಕೊಡಬಹುದು, ನನಗೆ ಎರಡನೆಯ ಸಾಕ್ಷಿ ಆದೀತು ಎಂದು ಭರಣಿ ಕಟ್ಟಿಕೊಂಡು ಬಂದೆ. ಮನುಷ್ಯ ಅಂಗಡಿಯಲ್ಲಿ ಕೂತು ಎಣ್ಣೆ ಅಳೆಯುತ್ತಿದ್ದ. ಎಲ್ಲ ಬಂದುಬಿಟ್ಟಿದೆ. ಏನು ಮದ್ದು ತಿಂದೆ ಎಂದು ಕೇಳಿದೆ. "ಯಾವ್ ಮದ್ದೂ ಇಲ್ಲ ಸ್ವಾಮಿ. ಮುದ್ದೆ ತಿಂದೆ, ಹುಳ್ಳಿಕಾಳಿನ ಹುಳಿಸಾರು ತಿಂದೆ, ಮಧ್ಯಾಹ್ನ ಚೆಂದಾಗಿ ನಿದ್ದೆ ಹೊಡ್ದೆ. ಒಂದಿನ ಬಾವೀಗೆ ಕೊಡ ಇಳೇ ಬುಟ್ಟಾಗ ಇದ್ದಕ್ಕಿದ್ದಂಗೆ ಎಲ್ಲಾ ಬಂದ್ಬುಡ್ತು" ಎಂದ. ನಾನು ನಿಮಗೆ ಬೇಡವೆಂದು ಹೇಳಿದ ಅಷ್ಟನ್ನೂ ಅವನು ಮಾಡಿದ್ದಾನೆ. ಪಕ್ಕದ ಅಂಗಡಿಯ ಸಾಬರು, "ಇವ್ನಿಗೆ ಮರ್ತಿದ್ರೇ ಚೆನ್ನಾಗಿತ್ತು ಪಂಡಿತ್‌ಜೀ, ಈಗ ನಮ್ ಹಳೇ ಜಗಳಾನೂ ಯಾದ್ ಬಂದೈತೆ" ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಹಾಗಾದರೆ ಎತ್ತಿನ ಸುಳಿಯನ್ನು ತಂದುಕೊಟ್ಟದ್ದು ಒಂದೆಲಗವೋ, ಬರಿಯ ಕಾಲವೋ? ನನಗೆ ಗೊತ್ತಿಲ್ಲ. ಅಪ್ಪಯ್ಯ ಜೀವಮಾನವಿಡೀ ಇದನ್ನು ಕಾಸಿದರು. ಗುಣವಾದವರು ಬಂದು ಕಾಲಿಗೆ ಬಿದ್ದರು. ತುಪ್ಪ ತಿನ್ನದೆ ಗುಣವಾದವರು ನಮ್ಮ ಮನೆಗೆ ಯಾಕೆ ಬರುತ್ತಾರೆ? ಅವರನ್ನು ನಾವು ನೋಡಿಯೇ ಇರಲಿಲ್ಲ. ಅಪ್ಪಯ್ಯ ಈ ಮಾತು ಒಮ್ಮೆಯೂ ಎತ್ತಿರಲಿಲ್ಲ. ನನಗೂ ಇವತ್ತಿನವರೆಗೆ ಹೊಳೆದಿರಲಿಲ್ಲ.

ಭಾವನವರು ಹೋದ ತಿಂಗಳು ನನಗೆ ಒಂದು ಕಾಗದ ಬರೆದಿದ್ದರು. ಎಲ್ಲರೂ ತಮ್ಮಿಂದ ಏನು ಬಚ್ಚಿಡುತ್ತಿದ್ದಾರೆ ಎಂದು ಕೇಳಿದ್ದರು. ತಾವೇನೋ ತಪ್ಪು ಮಾಡಿರಬೇಕೆಂದು ಅವರ ಎಣಿಕೆ. ನಾನು ಉತ್ತರ ಬರೆಯಲಿಲ್ಲ. ಬರೆದರೆ ಪರೀಕ್ಷೆ ಕೆಡುತ್ತಿತ್ತು.

ಇನ್ನು ಎರಡು ತಿಂಗಳು ತಡೆದುಕೋ. ಆಷಾಢ ಕಳೆಯಲಿ. ಮಗುವಿನ ನೆನಪು ತಾನಾಗಿ ಬಂದರೆ ಏನಾದರೂ ಒಂದು ಹೇಳಬಹುದು. ಅದೂ ಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ.

ರೇಣುಕಯ್ಯ


ಕೊಡಿಗೇನಹಳ್ಳಿ
22 ಜೂನ್ 1919

ಅಣ್ಣಯ್ಯ,

ನಿನ್ನ ಪರೀಕ್ಷೆಯನ್ನು ನಾನು ಕೆಡಿಸಿದ್ದೇನೆ. ಹೇಗೆಂದು ಬರೆಯುತ್ತೇನೆ.

ನಿನ್ನ ಕಾಗದ ಓದಿದಾಗಿನಿಂದ ಮಾತು ಬಾಯಿಯವರೆಗೆ ಬರುತ್ತಿತ್ತು. ಅತ್ತೆಯ ಆಣೆ ಒಂದು ಕಡೆ, ನಿನ್ನ ಎರಡು ತಿಂಗಳು ಒಂದು ಕಡೆ. ಅಷ್ಟರಲ್ಲಿ ಮಳೆ ಬಂತು. ಕಡಲೆಕಾಯಿಗೆಂದು ಹೊಲ ಉಳಲು ನಿನ್ನ ಭಾವ ಬೆಳಗ್ಗೆ ನೇಗಿಲು ಹೊತ್ತರು. ಅಂಗಳದಲ್ಲಿ ನಿಂತು ಅತ್ತೆಗೆ, "ಆ ಕರು ಗುಡ್ಡೆ ನೇಗ್ಲು ತಿರುಗ್ಸೋ ಜಾಗದಾಗೆ ಅಡ್ಡ ಐತೆ. ಇವತ್ತು ಸಮ ಮಾಡ್ಬುಡ್ತೀನಿ" ಎಂದರು.

ಅತ್ತೆಯ ಕೈಯಲ್ಲಿ ಮೊರ ಇತ್ತು. ಅದು ನಿಂತಿತು. "ಇನ್ನೊಂದಿಷ್ಟು ದಿನ ಹೋಗ್ಲಿ ನಾಯ್ನಾ."

"ಕರು ಗುಡ್ಡೆಗೆ ಏನಮ್ಮ ಮುಹೂರ್ತ?"

ಅತ್ತೆ ನನ್ನ ಕಡೆ ನೋಡಿದರು. ನಾನು ಬುತ್ತಿಯ ಹೊತ್ತಿಗೆ ಕಾಯಲಿಲ್ಲ, ಅವರ ಹಿಂದೆಯೇ ಹೋದೆ.

ಎರಡು ಸಾಲು ಹೊಡೆದು ಎತ್ತುಗಳನ್ನು ಬನ್ನಿಮರದ ಕಡೆ ತಿರುಗಿಸಿದರು. ನಾನು ಗುಡ್ಡೆಗೂ ಎತ್ತಿಗೂ ನಡುವೆ ನಿಂತೆ. "ದೂರ ನಿಲ್ಲೇ, ಎತ್ತು ಹಾಯ್ತವೆ" ಎಂದರು. "ಹಾಯ್ಲಿ" ಎಂದೆ. "ಏನೇ ನಿಂದು? ಒಂದು ಕರುವಿಗೆ ಇಷ್ಟು ಆಡ್ತೀಯ?"

"ಅದು ಕರು ಅಲ್ಲ. ನಮ್ಮ ಮಗಳು."

ಇಷ್ಟು ತಿಂಗಳು ಬಾಯಲ್ಲಿಟ್ಟುಕೊಂಡದ್ದು ಹೊರಗೆ ಬರುವಾಗ ಇಷ್ಟು ಸಣ್ಣ ಮಾತಾಗಿತ್ತು. ಅವರು ನೇಗಿಲ ಮೇಳಿಯನ್ನು ಬಿಡಲಿಲ್ಲ. ನನ್ನನ್ನು ನೋಡಿದರು, ನೆಲ ನೋಡಿದರು. ಆಮೇಲೆ ನೊಗ ಬಿಚ್ಚಿ, ಎತ್ತುಗಳನ್ನು ದೂರ ಕಟ್ಟಿ ಬಂದರು. ಮೆಟ್ಟು ಬಿಟ್ಟು, ಬದಿಗೆ ಜೋಡಿಸಿಟ್ಟು, ಗುಡ್ಡೆಯ ಹತ್ತಿರ ಕೂತರು. ನಾನು ಹೇಳಿದೆ. ಹುಟ್ಟಿದ್ದು, ಹಲ್ಲು ಬಂದದ್ದು, ಹೆಗಲ ಮೇಲೆ ಕೂತು ಅವರ ರುಮಾಲು ಎಳೆಯುತ್ತಿದ್ದದ್ದು, ಜ್ವರ. ಎಲ್ಲ ಮುಗಿಯುವವರೆಗೆ ಕೇಳಿ, "ಹೆಸ್ರು?" ಎಂದರು. ಹೇಳಿದೆ. ಎರಡು ಸಲ ಹೇಳಿಕೊಂಡರು, ಹೊಸ ಊರಿನ ಹೆಸರು ಹೇಳಿಕೊಳ್ಳುವ ಹಾಗೆ.

"ನಂಗೆ ಬತ್ತಾ ಇಲ್ಲ ಕಣಮ್ಮಿ" ಎಂದರು.

ಬಾಗಿಲು ತೆರೆಯಲಿಲ್ಲ ಅಣ್ಣಯ್ಯ. ಇದನ್ನು ಡಾಕ್ಟರಿಗೆ ಬೇಕಾದರೆ ಹೇಳು. ಅಷ್ಟು ತಿಂಗಳ ತುಪ್ಪಕ್ಕೆ ಬಂದದ್ದು ಒಂದು ಎತ್ತು.

ಅಂದು ಉಳುಮೆ ಆಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇವರು ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಅತ್ತೆ ಬೆಳಗಿನಿಂದ ನನ್ನ ಜೊತೆ ಮಾತಾಡಿರಲಿಲ್ಲ, ಒಳಗೆ ರಾಗಿ ಬೀಸುತ್ತಿದ್ದರು. ಇವರು ನನ್ನನ್ನು ಕರೆದು, "ಅವಳ ತಲೇಲಿ ಸುಳಿ ಒಂದಿತ್ತೋ, ಎರಡೋ?" ಎಂದು ಕೇಳಿದರು.

ಅವರು ಕೇಳುವುದು ಅಂಥದ್ದನ್ನೇ ತಾನೆ. ದನ ನೋಡಿದರೂ ಮೊದಲು ಸುಳಿ ನೋಡುವ ಮನುಷ್ಯ. ನಾನು ಹೇಳಲು ಬಾಯಿ ತೆರೆದೆ. ವಾರವಾರ ಎಣ್ಣೆ ಹಚ್ಚಿ ಎರೆದ ತಲೆ. ತೊಡೆಯ ಮೇಲೆ ಹಾಕಿಕೊಂಡು ಹೇನು ನೋಡಿದ ತಲೆ. ನನ್ನ ಅಂಗೈಗೆ ಆ ತಲೆಯ ಬಿಸಿ ಗೊತ್ತಿದೆ. ಸುಳಿ ಗೊತ್ತಿಲ್ಲ. ಒಂದು ಎಂದರೆ ಒಂದು ಅನಿಸಿತು, ಎರಡು ಎಂದರೆ ಎರಡು. ಅವರು ಕಾಯುತ್ತಿದ್ದರು. ಅವರು ನನ್ನ ಮುಖ ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತು. ಜನವರಿಯಿಂದ ನಾನು ಅವರನ್ನು ನೋಡಿದ್ದು ಹಾಗೆಯೇ.

ಜ್ವರ ನನಗೆ ಬಂದಿರಲಿಲ್ಲ ಅಣ್ಣಯ್ಯ. ನನಗೆ ಯಾವ ನೆಪವೂ ಇಲ್ಲ.

ಒಳಗೆ ಬೀಸುಕಲ್ಲು ನಿಂತಿತು. "ಎರಡು" ಎಂದರು ಅತ್ತೆ. ಹೊರಗೆ ಬರಲಿಲ್ಲ, ಕತ್ತಲಿನಿಂದಲೇ ಹೇಳಿದರು. "ನಿನ್ನಂಗೇ ಎರಡು ಸುಳಿ ಕಣ್ಲಾ. ಎರಡು ಸುಳಿ, ಎರಡು ಮದ್ವೆ ನಿಂಗೆ, ಅಂತ ನಾನು ಅವ್ಳನ್ನ ಅಣಕಿಸ್ತಿದ್ದೆ. ಮದ್ವೆ ಅಂದ್ರೆ ಬೆಲ್ಲ ಅಂದ್ಕೊಂಡು ಕೈ ನೀಡೋಳು." ಆಮೇಲೆ ಮತ್ತೆ ಕಲ್ಲು ತಿರುಗಿತು. ಕಾಳು ಹಾಕದೆ ತಿರುಗುತ್ತಿತ್ತು, ಸದ್ದಿನಲ್ಲಿ ಗೊತ್ತಾಗುತ್ತಿತ್ತು.

ಇವರು ಕೈಯನ್ನು ತಮ್ಮ ನೆತ್ತಿಗೆ ಒಯ್ದು, ಕೂದಲೊಳಗೆ ಬೆರಳು ಆಡಿಸಿ, ಒಂದು ಸುಳಿ ಹುಡುಕಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಿಕ್ಕಿತು. ಕೈಯನ್ನು ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ಮಾರನೆಯ ಬೆಳಗ್ಗೆ ನಾನು ಎಂದಿನಂತೆ ತುಪ್ಪದ ಬಟ್ಟಲು ಮುಂದಿಟ್ಟೆ. ಅದನ್ನು ನನ್ನ ಕಡೆ ಸರಿಸಿದರು. "ನೀನ್ ತಿನ್ನು. ನಂಗೆ ಬರೋದು ನೀನ್ ಹೇಳಿದ್ರೆ ಬತ್ತದೆ. ನಿಂಗೆ ಹೋಗ್ಬುಟ್ರೆ ನಂಗೆ ಹೇಳೋರ್ಯಾರು?" ಎಂದರು. ಅಂದು ಸಾರಿಗೆ ಹುಣಸೆಹಣ್ಣು ಬಿತ್ತು.

ಗುಡ್ಡೆಗೆ ಸುತ್ತ ಕಲ್ಲು ಇಟ್ಟಿದ್ದಾರೆ. ನೇಗಿಲು ಈಗ ಮೊದಲೇ ತಿರುಗುತ್ತದೆ. ಸಂಜೆ ಬಂದು ಕೂತು ಒಂದೊಂದೇ ಕೇಳುತ್ತಾರೆ. ಅತ್ತೆಗೆ ಗೊತ್ತಿದ್ದದ್ದನ್ನು ಅತ್ತೆ ಹೇಳುತ್ತಾರೆ, ನನಗೆ ಗೊತ್ತಿದ್ದದ್ದನ್ನು ನಾನು. ಇಬ್ಬರಿಗೂ ಗೊತ್ತಿಲ್ಲದ್ದು ದಿನಕ್ಕೊಂದು ಸಿಗುತ್ತಿದೆ. ಅದಕ್ಕೇ ಭಯ.

ಹಿಡಿದಿಡುವುದು ಬೇರೆ, ತೆಗೆದುಕೊಡುವುದು ಬೇರೆ ಎಂದು ನೀನು ಬರೆದಿದ್ದೆ. ಹಿಡಿದಿಡುವುದಕ್ಕೆ ಯಾವ ಸೊಪ್ಪು? ಅದಕ್ಕೂ ಇದೇ ಸೊಪ್ಪಾದರೆ, ಕೆಲಸ ಮಾಡುತ್ತದೋ ಇಲ್ಲವೋ ನಿನಗೆ ಗೊತ್ತಿಲ್ಲದಿದ್ದರೂ, ಮುಂದಿನ ಭರಣಿಯನ್ನು ನನ್ನ ಹೆಸರಿಗೆ ಕಳಿಸು. ಪಥ್ಯ ನನಗೆ ಬಾಯಿಪಾಠವಿದೆ.

ನಿನ್ನ ತಂಗಿ
ಸಿದ್ಧಗಂಗಮ್ಮ